ಕ್ರಿಸ್ಟಲಿಗೆ ಮೆತ್ತಿದ ಭಂಡಾರ

ವೈನಿಯ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಸುಟ್ಟು ಕಪ್ಪಾಗಿತ್ತು. ಸೋಲ್ಡರಿಂಗ್ ಮಾಡುವಾಗ ಆದ ಕಲೆ. ಅದೇ ಕೈಯಿಂದ ಮನೆಮಂದಿಗೆಲ್ಲ ರೊಟ್ಟಿ ಬಡಿದು, ಸೊಲ್ಲಾಪುರದ ನಮ್ಮ ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿ ಅಂಗಡಿಗೆ ಬರುತ್ತಿದ್ದರು. ಅಣ್ಣನ ಹೆಂಡತಿ; ಮೈದುನನಾದ ನನಗೆ ಈ ಕೆಲಸ ಕಲಿಸಿದವರು. ಬಂದವರೇ ಕುರ್ಚಿಗೆ ಒರಗಿ "ಸಾಕಾಗೇತ್ರಿ ಭಾವಜಿ" ಎಂದು ನನಗೆ ಅನ್ನುವುದು, ಮರುಕ್ಷಣ ಭೂತಗನ್ನಡಿ ಎತ್ತಿಕೊಳ್ಳುವುದು.

ಒಮ್ಮೆ ಚಪಳಗಾಂವದಿಂದ ಫೋನು ಬಂತು. ಕೋಳಿಮರಿ ಮಾರಿ ಬದುಕುವ ಹೆಣ್ಣುಮಗಳೊಬ್ಬಳ ಮನೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಮಶೀನು ನಿಂತಿತ್ತು. ಸಂಜೆಯೊಳಗೆ ಕಾವು ಬರದಿದ್ದರೆ ಒಳಗಿನ ಮರಿಗಳೆಲ್ಲ ಸತ್ತಂತೆಯೇ. ಇಬ್ಬರೂ ಹೊರಟೆವು; ಎಸ್.ಟಿ. ಬಸ್ಸಿನಲ್ಲಿ ವೈನಿ ದಾರಿಯುದ್ದಕ್ಕೂ ನಿದ್ದೆ ಹೋದರು.

ಬಿಚ್ಚಿ ನೋಡಿದರೆ, ಮಶೀನು ನಡೆಸುವ ಮೈಕ್ರೊಕಂಟ್ರೋಲರ್ ಚಿಪ್ಪಿಗೆ ತಾಳ ಹಾಕಿಕೊಡುವ ಕ್ರಿಸ್ಟಲ್ ಎಂಬ ಪುಟ್ಟ ಬಿಡಿಭಾಗ ಸುಮ್ಮನಾಗಿತ್ತು. ಅದರ ತಂತಿಕಾಲಿಗೆ ಬೆರಳು ತಾಗಿಸಿದೆ. ದೀಪ ಮಿನುಗಿ ಮಶೀನು ಶುರುವಾಯಿತು. ಆ ಹೆಣ್ಣುಮಗಳು ಕೈ ಮುಗಿದಳು.

"ಕೈ ತಗೀರಿ" ಅಂದರು ವೈನಿ. ತೆಗೆದೆ. ಮಶೀನು ನಿಂತಿತು.

"ಕೈ ಹಚ್ಚಿದಾಗ ನಡದ್ರ ನಡದಂಗಲ್ರಿ ಭಾವಜಿ. ಕೈ ಬಿಟ್ಟ ಮ್ಯಾಲ ನಡೀಬೇಕು."

ಭೂತಗನ್ನಡಿಯಲ್ಲಿ ನೋಡಿದರೆ ಕ್ರಿಸ್ಟಲಿನ ಕಾಲುಗಳ ನಡುವೆ ಹಳದಿ ಕೆಸರು. ಬೀರೋಬಾ ದೇವರ ಭಂಡಾರ! ಹೊಸ ಮಶೀನಿನ ಪೂಜೆಗೆಂದು ಆ ಹೆಣ್ಣುಮಗಳು ಮುಚ್ಚಳ ತೆಗೆದು ಒಳಗೂ ಆ ಅರಿಶಿಣ ಎರಚಿದ್ದಳು. ಮೊಟ್ಟೆಗೆಂದು ಇಟ್ಟ ನೀರಿನ ತೇವಕ್ಕೆ ಅದು ಮೆತ್ತಿಕೊಂಡಿತ್ತು. ವೈನಿ ಬೈಯಲಿಲ್ಲ. ಹಳೆಯ ಹಲ್ಲಿನ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕಿ, ಒಣಗಿಸಿ, ಸ್ವಿಚ್ ಹಾಕಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತರು. ಮಶೀನು ನಡೆಯಿತು. ನಡೆಯುತ್ತಲೇ ಇತ್ತು. ಖುಷಿಗೆ ಆ ಹೆಣ್ಣುಮಗಳು ಮತ್ತೆ ಭಂಡಾರದ ಚೀಲ ಬಿಚ್ಚಿದಳು. ವೈನಿ ಅಡ್ಡ ಬಂದು ಹಣೆ ಒಡ್ಡಿದರು.

"ನನಗ ಹಚ್ಚವಾ. ಅದಕ್ಕ ಬ್ಯಾಡ."

ಮುಂದಿನ ವಾರ ಮರಿಗಳು ಹೊರಬಂದ ಸುದ್ದಿ ಕೇಳಿ ವೈನಿ ನಕ್ಕರು. ಅಂಗಡಿಯಲ್ಲಿ ಅವರು ನಕ್ಕದ್ದು ಕಡಿಮೆ.

ಹೋದ ವರ್ಷ ಜ್ವರವೆಂದು ಮಲಗಿದ ವೈನಿ ಮತ್ತೆ ಏಳಲಿಲ್ಲ. ದಣಿವೆಂದೇ ನಾವು ತಿಳಿದಿದ್ದೆವು. ಯಾವಾಗಲೂ ದಣಿದೇ ಇರುತ್ತಿದ್ದರಲ್ಲ. ಈಗ ಬೆಳಗ್ಗೆ ಅಂಗಡಿಯ ಬೀಗ ತೆಗೆಯುವಾಗಲೇ ನನಗೂ ಸಾಕಾಗಿರುತ್ತದೆ. ಮುಚ್ಚಿಬಿಡಲೇ ಅನ್ನಿಸುತ್ತದೆ. ಆದರೂ ರಿಪೇರಿಯಾದ ಬೋರ್ಡಿಗೆ ಸ್ವಿಚ್ ಹಾಕಿ, ಕೈ ಹಿಂದಕ್ಕೆ ಕಟ್ಟಿಕೊಂಡು ಕಾಯುತ್ತೇನೆ. ದೀಪ ಮಿನುಗುತ್ತದೆ. ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿ ಹೇಳುತ್ತೇನೆ:

"ನಡ್ಯಾಕತ್ತೈತ್ರಿ ವೈನಿ."