ಪಟ್ಟಲದಮ್ಮನ ಸುತ್ತ ಬೈಕ್ ರೇಸು

ಎಪ್ಪತ್ತನಾಲ್ಕನೆಯ ಇಸವಿಯೋ ಎಪ್ಪತ್ತೈದೋ ಇರಬೇಕು. ನಾನು ಪಿಯುಸಿ ಮುಗಿಸಿ ಮದ್ದೂರಿನ ಮನೆಯಲ್ಲಿದ್ದೆ. ನಮ್ಮ ತಂದೆ ಪೌರೋಹಿತ್ಯ ಮಾಡುತ್ತಿದ್ದರು. ಬಹಳ ಕಟ್ಟುನಿಟ್ಟಿನ ಮನುಷ್ಯ. ಅವರೆದುರು ನಾವು ಮಕ್ಕಳು ಜೋರಾಗಿ ನಕ್ಕಿದ್ದೇ ಇಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಮಂಡ್ಯದ ಗ್ಯಾರೇಜ್ ರಾಮಣ್ಣ ಎಂಬುವವರು ಮನೆಗೆ ಬಂದರು. "ಸ್ವಾಮಿ, ಶಿವಪುರದ ಆಚೆ ಗದ್ದೆ ಬಯಲಲ್ಲಿ ಮೋಟಾರ್ ಸೈಕಲ್ ರೇಸು ಇಟ್ಕಂಡಿದೀವಿ. ಭಾನುವಾರ ನೀವು ಬಂದು ಗಾಡಿಗಳಿಗೆಲ್ಲ ಒಂದ್ ಪೂಜೆ ಮಾಡ್ಕೊಡಬೇಕು" ಎಂದರು. ಅಪ್ಪ ಒಪ್ಪಿಕೊಂಡರು. ಪೂಜೆ ಸಾಮಾನಿನ ಬುಟ್ಟಿ ಹಿಡಿಯುವುದಕ್ಕೆ ಅಂದು ಬೇರೆ ಯಾರೂ ಇರಲಿಲ್ಲವಾದ್ದರಿಂದ ನನ್ನನ್ನೇ ಜಟಕಾ ಹತ್ತಿಸಿಕೊಂಡರು. ನನಗಂತೂ ಹಬ್ಬ. ಹೊಸ ದಾವಣಿ ಉಟ್ಟುಕೊಂಡು ಹೊರಟೆ.

ಅಲ್ಲಿ ಹೋಗಿ ನೋಡಿದರೆ ಜನವೋ ಜನ. ಮಂಡ್ಯ, ಮಳವಳ್ಳಿ, ಭಾರತೀನಗರದಿಂದ ಬಸ್ಸಿನಲ್ಲಿ ಬಂದವರು, ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು. ಕೊಯ್ಲಾದ ಗದ್ದೆಗಳ ಬದು ತೆಗೆದು ಕೋಳಿಮೊಟ್ಟೆಯ ಆಕಾರದಲ್ಲಿ ದೊಡ್ಡ ದಾರಿ ಮಾಡಿದ್ದರು. ತಿರುವಿನಲ್ಲಿ ಬಿದ್ದರೆ ಪೆಟ್ಟಾಗದಿರಲೆಂದು ಹುಲ್ಲಿನ ಮೆದೆ ಒಟ್ಟಿದ್ದರು. ಲೈಟು, ಮಡ್‌ಗಾರ್ಡು ಬಿಚ್ಚಿಹಾಕಿದ ಜಾವಾ, ಬುಲೆಟ್, ರಾಜದೂತ್‌ಗಳು ಪುಕ್ಕ ಕಿತ್ತ ಕೋಳಿಗಳ ಹಾಗೆ ನಿಂತಿದ್ದವು. ನಡು ಬಯಲಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಗ್ರಾಮದೇವತೆ ಪಟ್ಟಲದಮ್ಮನ ಕಲ್ಲು.

ಅಪ್ಪ ಗಾಡಿಗಳಿಗೆಲ್ಲ ಕುಂಕುಮವಿಟ್ಟು, ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಸವಾರರು ಸಾಲಾಗಿ ನಿಂತರು. ಆಗ ಬಂದರು ನೋಡಿ ನಿಂಗಮ್ಮನವರು. ಆ ಗದ್ದೆಯ ಯಜಮಾನತಿ, ಎಪ್ಪತ್ತರ ಮುದುಕಿ. ಗದ್ದೆ ಬಿಟ್ಟುಕೊಟ್ಟಿದ್ದು ಅವರ ಮಗ. ರೇಸು ಯಾವ ಕಡೆಯಿಂದ ಸುತ್ತುತ್ತದೆ ಎಂದು ಮಗನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

"ಏನ್ಲಾ ರಾಮಣ್ಣ, ಗಾಡಿ ಮಕ ಯಾಕ್ಲಾ ಆ ಕಡೀಕೆ ತಿರುಗೈತೆ?"

"ಎಡಕ್ಕೇ ಸುತ್ತೋದು ಕಣಮ್ಮ, ರೇಸ್ ಅಂದ್ರೆ ಅಂಗೇಯ."

"ಅಂದ್ರೆ ನಮ್ಮಮ್ಮನ್ನ ಎಡಕ್ಕೆ ಮಡಿಕ್ಕಂಡು ಅಪ್ರದಕ್ಸಿಣೆ ಆಕ್ತೀರಾ? ನನ್ ಗದ್ದೇಲಿ ಅದು ಆಗಾಕಿಲ್ಲ ಬುಡು!" ಎಂದವರೇ ಹೋಗಿ ದಾರಿಯ ಮಧ್ಯದಲ್ಲಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು.

ರಾಮಣ್ಣ ಕೈಮುಗಿದರು. ಪ್ರಪಂಚದಲ್ಲೆಲ್ಲ ಹೀಗೇ ಓಡಿಸುವುದು, ಎಡಗಾಲು ನೆಲಕ್ಕೆ ಊರಿ ಜಾರಿಸಿಕೊಂಡು ತಿರುಗುವುದಕ್ಕೆಂದು ಹುಡುಗರು ಎಡ ಬೂಟಿಗೆ ಕಬ್ಬಿಣದ ತಗಡು ಹೊಡೆಸಿದ್ದಾರೆ ಎಂದು ತೋರಿಸಿದರು. ಅವರು ಹೇಳಿದ್ದು ನಿಜವೇ. ಈಗ ನಾನು ಟಿ.ವಿ.ಯಲ್ಲಿ ಹೊರದೇಶದ ಇಂಥ ರೇಸು ನೋಡುತ್ತೇನೆ. ಬ್ರೇಕೇ ಇಲ್ಲದ ಬೈಕುಗಳು, ಎಲ್ಲವೂ ಎಡಕ್ಕೇ. ಆದರೆ ನಿಂಗಮ್ಮನವರು ಜಪ್ಪಯ್ಯ ಎನ್ನಲಿಲ್ಲ. ಬಲಕ್ಕೆ ಓಡಿಸಿ ಎಂದರೆ ಸವಾರರು, "ಅಭ್ಯಾಸ ಇಲ್ಲ, ಕತ್ತು ಮುರ್ಕೋತೀವಿ" ಎಂದರು. ಜನ ಶಿಳ್ಳೆ ಹೊಡೆಯುತ್ತಾ, ಮಣ್ಣಿನ ಹೆಂಟೆ ಎಸೆಯುತ್ತಾ, "ಸುರು ಮಾಡ್ರಲಾ!" ಎಂದು ಕೂಗತೊಡಗಿದರು.

ಕೊನೆಗೆ ನಿಂಗಮ್ಮನವರೇ, "ಐನೋರು ಯೋಳ್ಲಿ. ಅವರು ಸರಿ ಅಂದ್ರೆ ಎದ್ದೋಯ್ತೀನಿ" ಎಂದುಬಿಟ್ಟರು.

ಎಲ್ಲರ ಕಣ್ಣೂ ಅಪ್ಪನ ಮೇಲೆ. ಸರಿ ಎಂದರೆ ನಂಬಿದ ಮುದುಕಿಯ ಮನಸ್ಸು ನೋಯುತ್ತದೆ, ತಪ್ಪು ಎಂದರೆ ಅಷ್ಟು ಜನ ಸುಮ್ಮನೆ ಬಿಡುವುದಿಲ್ಲ. ಅಪ್ಪ ಕಲ್ಲಿನ ಕಡೆಗೊಮ್ಮೆ ಕೈಮುಗಿದರು. ಆಮೇಲೆ ಮೆಲ್ಲಗೆ, "ಅಮ್ಮ ನಿಮ್ಮವಳು ನಿಂಗಮ್ಮ. ಅವಳನ್ನೇ ಕೇಳಿಬಿಡಿ. ಹೂ ಕೊಡಲಿ" ಎಂದರು.

ನಿಂಗಮ್ಮನವರಿಗೆ ಅದು ಸರಿಯೆನಿಸಿತು. ನನ್ನ ಬುಟ್ಟಿಯಿಂದಲೇ ಎರಡು ಕಣಗಿಲೆ ಹೂ ತೆಗೆದು, ನೀರಲ್ಲಿ ಅದ್ದಿ, ಕಲ್ಲಿನ ಎಡ ಬಲ ಭುಜಕ್ಕೆ ಅಂಟಿಸಿದರು. ಬಲದ ಹೂ ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಇಂಜಿನ್‌ಗಳನ್ನೆಲ್ಲ ನಿಲ್ಲಿಸಿದರು. ಅಷ್ಟು ದೊಡ್ಡ ಬಯಲು ಗಪ್‌ಚಿಪ್. ಹೂ ಮಾತ್ರ ಅಲ್ಲಾಡಲಿಲ್ಲ. ಬಿಸಿಲೇರಿತು. ಸವಾರರು ಗಾಡಿ ತಳ್ಳಿಕೊಂಡು ಹೊಂಗೆ ನೆರಳಿಗೆ ಬಂದರು. ಎಡದ ಹೂ ಒಂಚೂರು ಜಾರಿದಂತಾಯಿತು. ಆದರೆ ಬೀಳಲಿಲ್ಲ.

ಕಲ್ಲಿನ ಪಕ್ಕದಲ್ಲೇ ಬುಲೆಟ್ ನಿಲ್ಲಿಸಿಕೊಂಡಿದ್ದವನು ಮಳವಳ್ಳಿಯ ಪುಟ್ಟಸ್ವಾಮಿ ಎಂಬ ಹುಡುಗ. ಕಾದು ಕಾದು ಅವನಿಗೆ ಸಾಕಾಗಿರಬೇಕು. "ಇನ್ನೆಷ್ಟೊತ್ತವ್ವಾ ತಾಯೀ!" ಎಂದವನೇ ಒಂದು ಕಿಕ್ ಹೊಡೆದ. ಬುಲೆಟ್ ಡುಬುಡುಬು ಎಂದು ಗುಡುಗಿತು. ನನ್ನ ಕಾಲ ಕೆಳಗಿನ ನೆಲ ಅದುರಿತು. ಪಟ್ಟಲದಮ್ಮನ ಬಲಭುಜದ ಹೂ ಪಟಕ್ಕನೆ ಬಿತ್ತು!

"ಕೊಟ್ಳು ಕಣ್ರಲಾ! ನಮ್ಮಮ್ಮ ಕೊಟ್ಳು!" ಎಂದು ಎಲ್ಲರಿಗಿಂತ ಮೊದಲು ಕೂಗಿದವರು ನಿಂಗಮ್ಮನವರೇ. ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿದು, ನಮ್ಮ ಪಕ್ಕದಲ್ಲೇ ಮರದಡಿ ಕೂತರು.

ಆಮೇಲಿನ ರೇಸನ್ನು ಏನೆಂದು ಹೇಳಲಿ! ಧೂಳಿನಲ್ಲಿ ಸವಾರರ ಮುಖವೇ ಕಾಣುತ್ತಿರಲಿಲ್ಲ. ತಿರುವಿನಲ್ಲಿ ಬೈಕುಗಳು ನೆಲಕ್ಕೆ ಮಲಗಿದಂತೆ ವಾಲುತ್ತಿದ್ದವು, ಬೂಟಿನ ತಗಡು ಕಲ್ಲಿಗೆ ತಾಗಿ ಕಿಡಿ ಹಾರುತ್ತಿತ್ತು. ಪುಟ್ಟಸ್ವಾಮಿ ಎಲ್ಲರಿಗಿಂತ ಮುಂದಿದ್ದ. "ಬುಡಬ್ಯಾಡ ಕಣ್ಲಾ, ಒಡಿ!" ಎಂದು ನಿಂಗಮ್ಮನವರು ಎದ್ದು ನಿಂತು ಸೆರಗು ಬೀಸುತ್ತಿದ್ದರು. ಕಡೆಯ ಸುತ್ತಿನ ತಿರುವಿನಲ್ಲಿ ಬುಲೆಟ್ ತಿರುಗಲೇ ಇಲ್ಲ. ನೆಟ್ಟಗೆ ಹೋಗಿ ಹುಲ್ಲಿನ ಮೆದೆಗೆ ನುಗ್ಗಿಬಿಟ್ಟಿತು. ಹಿಂದಿನ ಚಕ್ರವೊಂದು ಬಿಟ್ಟು ಇನ್ನೇನೂ ಕಾಣಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಮೆದೆ ಅಲ್ಲಾಡಿತು. ತಲೆ ತುಂಬ ಹುಲ್ಲು ಹೊತ್ತುಕೊಂಡು, ಅಕ್ಷಿ ಅಕ್ಷಿ ಎಂದು ಸೀನುತ್ತಾ ಪುಟ್ಟಸ್ವಾಮಿ ಹೊರಗೆ ಬಂದ. ಮೈಮೇಲೆ ಒಂದು ಗಾಯವಿಲ್ಲ! ಗೆದ್ದವನು ಮೈಸೂರಿನವನಾದರೂ ಜನ ಹೆಚ್ಚು ಕೂಗಿದ್ದು ಇವನಿಗೇ.

ಬಹುಮಾನ ಕೊಟ್ಟಾದ ಮೇಲೆ ನಿಂಗಮ್ಮನವರು ಇನ್ನೊಂದು ಹಟ ತೆಗೆದರು. "ನಂಗೆ ಮಂಡಿ ನೋವು. ಅಮ್ಮನ್ ಸುತ್ತಿ ಎಸ್ಟೋ ದಿನ ಆಯ್ತು. ಗಾಡಿ ಮ್ಯಾಲೆ ಮೂರ್ ಸುತ್ತು ಆಕುಸ್ರಪ್ಪ."

ರಾಮಣ್ಣ ಗೆದ್ದವನನ್ನು ಕರೆದರು.

"ಅವ್ನು ಬ್ಯಾಡ. ಮೆದೆಗೆ ನುಗ್ದೋನ್ ಬರ್ಲಿ. ಒಂದ್ಸಲ ಬಿದ್ದೋನು ಉಸಾರಾಗಿ ಓಡುಸ್ತಾನೆ."

ಪುಟ್ಟಸ್ವಾಮಿ ಅವರನ್ನು ಹಿಂದೆ ಕೂರಿಸಿಕೊಂಡು ಪ್ರದಕ್ಷಿಣೆಯಾಗಿಯೇ ಹೊರಟ. ಮೊದಲ ಸುತ್ತಿನಲ್ಲಿ, "ಮೆಲ್ಲುಕ್ ಓಗ್ಲಾ, ಮೆಲ್ಲುಕ್ ಓಗ್ಲಾ" ಎನ್ನುತ್ತಿದ್ದವರು ಮೂರನೆಯದರಲ್ಲಿ, "ವಸಿ ಜೋರಾಗೇ ಓಗ್ಲಾ!" ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದರು. ಇಳಿದವರೇ, "ಐನೋರೇ, ಈ ಮಗೀನೂ ಕೂರುಸ್ರಿ. ಆಗ್ಲಿಂದ ಗಾಡೀನೇ ನೋಡ್ತಾ ಅವಳೆ" ಎಂದರು.

ನಾನು ತಲೆ ತಗ್ಗಿಸಿದೆ. ಅಪ್ಪ ನನ್ನ ಮುಖ ನೋಡಿದರು. "ಹೋಗಿ ಬಾ. ಸೆರಗು ಚಕ್ರಕ್ಕೆ ಸಿಕ್ಕೀತು, ಜೋಪಾನ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಬುಟ್ಟಿ ಅಪ್ಪನ ಕೈಗೆ ಕೊಟ್ಟು ಹತ್ತಿಯೇಬಿಟ್ಟೆ. ಮುಖಕ್ಕೆ ಗಾಳಿ ಬಡಿದಾಗ ತಡೆಯಲಾರದೆ ಜೋರಾಗಿ ನಕ್ಕೆ. ಮೂರು ಸುತ್ತು ಮುಗಿದು ಪುಟ್ಟಸ್ವಾಮಿ ನಿಲ್ಲಿಸಹೊರಟರೆ, "ಐದು ಹಾಕಿದರೂ ಶಾಸ್ತ್ರದಲ್ಲಿ ತಪ್ಪಿಲ್ಲ" ಎಂದೆ. ಐದು ಸುತ್ತು ಹಾಕಿಸಿದ.

ಸಂಜೆ ಜಟಕಾದಲ್ಲಿ ಬರುವಾಗ ಧೈರ್ಯ ಮಾಡಿ ಕೇಳಿದೆ. "ಅಪ್ಪಾ, ಆ ಹೂ ಅಮ್ಮ ಕೊಟ್ಟಿದ್ದೋ, ಬುಲೆಟ್ ಬೀಳಿಸಿದ್ದೋ?"

ಬೈಯುತ್ತಾರೆಂದುಕೊಂಡಿದ್ದೆ. ಅಪ್ಪ ತುಟಿಯಂಚಿನಲ್ಲೇ ನಕ್ಕು, "ಸರಿಯಾಗಿ ಆ ಹೊತ್ತಿಗೇ ಕಿಕ್ ಹೊಡೆಯೋ ಬುದ್ಧಿ ಅವನಿಗೆ ಕೊಟ್ಟವರು ಯಾರು ಹೇಳು?" ಎಂದರು. ಆಮೇಲೆ ತಡೆಯಲಾಗದೆ ಅವರೇ ಗಹಗಹಿಸಿ ನಕ್ಕರು. ನಾನೂ ನಕ್ಕೆ. ಜಟಕಾದವನು ಏನಾಯಿತೆಂದು ಹಿಂತಿರುಗಿ ನೋಡಿದ.

ಅಪ್ಪನ ಎದುರು ಕೂತು ಹಾಗೆ ನಕ್ಕಿದ್ದು ಅದೇ ಮೊದಲು. ಅಲ್ಲಿಂದಾಚೆಗೆ ಅವರಿರುವವರೆಗೂ ಮನಸ್ಸಿಗೆ ಬಂದದ್ದನ್ನೆಲ್ಲ ಅವರ ಬಳಿ ಕೇಳುವ ಧೈರ್ಯ ನನಗಿತ್ತು.