ಸಾರಿಸದೆ ಬಿಟ್ಟ ಅಂಗೈಯಗಲ

ಮೊಮ್ಮಗಳು ಇವತ್ತು ಚಿತ್ರ ಬರೆಯುವ ಹೊಸ ಆಲ್ಕೋಹಾಲ್ ಮಾರ್ಕರ್‌ಗಳ ಡಬ್ಬಿ ತೆರೆದಳು. ಆಸ್ಪತ್ರೆಯ ಸ್ಪಿರಿಟ್ಟಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ, ನಾನು ಮತ್ತಿಗಿರಿಯ ನಮ್ಮ ಹಳೇ ಮನೆಯಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ ಕೂತಿದ್ದೆ.

ಅಪ್ಪ ಹೊಸೂರಿನ ಫ್ಯಾಕ್ಟರಿಯಿಂದ, ಪೆಟ್ಟಿಗೆಗಳ ಮೇಲೆ ಬರೆಯುವ ಕೆಂಪು ಮಾರ್ಕರ್ ಒಂದನ್ನು ತಂದಿದ್ದ. ಅಕ್ಕ ತನ್ನ ತಮಿಳು ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮಗುಚಿ ನೆಲದ ಮೇಲಿಟ್ಟು, ನವಿಲು ಬರೆಯಲು ಕೂತಳು.

“ಕೆಂಪು ನವಿಲು ಇರ್ತದಾ ಅಪ್ಪ?”

“ನೀನು ಬರದ್ರೆ ಇರ್ತದೆ ಬುಡವ್ವ.”

ಗರಿಯ ಕಣ್ಣುಗಳನ್ನು ತುಂಬಲು ಅವಳು ಮಾರ್ಕರ್ ಒತ್ತಿ ಹಿಡಿದಳು. ಕಾಗದ ಎತ್ತಿದರೆ ಇಂಕು ಕೆಳಗಿಳಿದು ನೆಲದ ಮೇಲೂ ಕೆಂಪು ಚುಕ್ಕಿಗಳು. ಅಮ್ಮ ಬೈದಳು. ಶುಕ್ರವಾರ ಸಾರಿಸಿದರೆ ಹೋಗುತ್ತದೆ ಅಂದಳು.

ಆ ಶುಕ್ರವಾರ ಬರುವಷ್ಟರಲ್ಲಿ ಅಕ್ಕ ಜ್ವರ ಬಂದು ಹೋಗಿಬಿಟ್ಟಳು.

ಸೂತಕ ಕಳೆಯುವ ದಿನ ಮನೆಯೆಲ್ಲ ಸಾರಿಸಬೇಕು. ಸೋದರತ್ತೆ ಸಗಣಿ ಕಲಸಿಕೊಂಡು ಬಂದರೆ, ಅಮ್ಮ ಆ ಚುಕ್ಕಿಗಳ ಮೇಲೆ ಅಂಗೈ ಊರಿ ಕೂತಿದ್ದಳು.

“ಇಷ್ಟು ಜಾಗ ಬುಟ್ಟು ಸಾರ್ಸಿ ಅತ್ತಿಗೆ.”

“ಮೈಲಿಗೆ ಉಳ್ಕೊಂತದೆ ಕಣಮ್ಮ,” ಅಂದಳು ಅತ್ತೆ.

“ಉಳೀಲಿ.”

ಆಮೇಲೆ ವಾರವಾರವೂ ಅಮ್ಮ ಅದರ ಸುತ್ತಲೇ ಸಾರಿಸಿದಳು. ಸುತ್ತಲಿನ ನೆಲ ಪದರ ಪದರವಾಗಿ ಏರಿ, ಆ ಜಾಗ ಅಂಗೈಯಗಲದ ತಗ್ಗಾಯಿತು. ಚುಕ್ಕಿಗಳು ಮಾಸಿದ ಮೇಲೂ ನಾವು ಆ ತಗ್ಗನ್ನು ತುಳಿಯುತ್ತಿರಲಿಲ್ಲ.

“ಅಜ್ಜಿ, ಮೊದಲು ಕಲೀಬೇಕಾದ್ದೇ ಇದು. ಕೆಳಗೆ ಇನ್ನೊಂದು ಹಾಳೆ ಇಡ್ಬೇಕು, ಇಲ್ಲಾಂದ್ರೆ ಇಂಕು ಮೇಜಿಗೆ ಇಳಿಯುತ್ತೆ,” ಅಂದಳು ಮೊಮ್ಮಗಳು.

“ಇಳೀಲಿ ಬುಡವ್ವ,” ಅಂದೆ.