ವಿಮಾನಕ್ಕೆಂದು ಕೂಡಿಸಿದ ಎಣ್ಣೆ

ಹೋಟೆಲಿನವರೂ ಚಿಪ್ಸ್ ಮಾಡುವವರೂ ಕರಿದು ಬಿಟ್ಟ ಎಣ್ಣೆಯನ್ನು ಕೂಡಿಸಿ ಬಂಟ್ವಾಳದ ಗೋದಾಮಿಗೆ ತರುವುದು ನನ್ನ ಕೆಲಸ. ಅಲ್ಲಿ ಸೋಸಿದ ಮೇಲೆ ಅದು ಟ್ಯಾಂಕರಿನಲ್ಲಿ ದೂರದ ಕಾರ್ಖಾನೆಗೆ ಹೋಗಿ, ಗಾಳಿಯನ್ನು ಕಡಿಮೆ ಕೆಡಿಸುವ ವಿಮಾನದ ಇಂಧನವಾಗುತ್ತದೆ. ಮೊದಲು ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಪಿಕಪ್ಪಿನ ಸ್ಟಿಯರಿಂಗ್ ಹಿಡಿದೆ.

ಮೂಡುಬಿದಿರೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಉದ್ಯೋಗಗಳನ್ನು ಪರಿಚಯಿಸುವ ಕಾರ್ಯಕ್ರಮವಿತ್ತು. ನಮ್ಮ ಮ್ಯಾನೇಜರರು ಹೋಗಬೇಕಾಗಿತ್ತು. ಹಿಂದಿನ ದಿನ ಸಂಜೆ ನನ್ನನ್ನು ಕರೆದು, "ಟೀಚರ್, ನಾಳೆ ನೀವೇ ಹೋಗಿ ಬನ್ನಿ. ನಿಮಗೆ ಮಾತಾಡಿ ಅಭ್ಯಾಸ ಉಂಟಲ್ಲ" ಎಂದರು. ಆ ವಾರವಿಡೀ ಕ್ಯಾನು ಎತ್ತಿ ಸೊಂಟ ಹಿಡಿದಿತ್ತು. ಆದರೂ ಹೋದೆ.

ಮೇಜಿನ ಮೇಲೆ ಕಪ್ಪೆಣ್ಣೆಯ ಬಾಟಲಿಯೊಂದನ್ನೂ ನೀರಿನಂತೆ ತಿಳಿಯಾದ ಇಂಧನದ ಬಾಟಲಿಯೊಂದನ್ನೂ ಇಟ್ಟುಕೊಂಡು ಕುಳಿತೆ. ಮಕ್ಕಳು ಬಂದರು, ಮೂಸಿದರು, ನಕ್ಕರು. ಬೆಳ್ತಂಗಡಿ ಕಡೆಯ ಬಿ.ಎಸ್ಸಿ. ಹುಡುಗಿಯೊಬ್ಬಳು ಮಾತ್ರ ಅಲ್ಲೇ ನಿಂತಳು.

"ಮೇಡಂ, ನೀವು ವಿಮಾನ ಹತ್ತಿದ್ದೀರಾ?"

"ಇಲ್ಲ. ತಮ್ಮನನ್ನು ಬಿಡ್ಲಿಕ್ಕೆ ಬಜ್ಪೆ ವಿಮಾನ ನಿಲ್ದಾಣದ ಗೇಟಿನವರೆಗೆ ಹೋಗಿದ್ದೇನೆ."

"ಈ ಕೆಲಸ ನಿಮಗೆ ಇಷ್ಟವಾ?"

"ಸೊಂಟ ನೋಯ್ತದೆ. ಬಟ್ಟೆಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಸುಳ್ಳು ಯಾಕೆ ಹೇಳುವುದು?"

ಪಕ್ಕದಲ್ಲಿದ್ದ ಉಪನ್ಯಾಸಕರ ಮುಖ ಸಣ್ಣಗಾಯಿತು. ಮಕ್ಕಳಲ್ಲಿ ಉತ್ಸಾಹ ತುಂಬಬೇಕಿತ್ತು ಎಂದು ಆಮೇಲೆ ಮೆಲ್ಲಗೆ ಹೇಳಿದರು. ಹುಡುಗಿ ಮಾತ್ರ ನನ್ನ ನಂಬರು ಬರೆದುಕೊಂಡಳು. ಯಾವುದಾದರೊಂದು ಕೆಲಸವನ್ನು ಒಂದು ದಿನ ಹತ್ತಿರದಿಂದ ನೋಡಿ ವರದಿ ಬರೆಯಬೇಕೆಂದು ಕಾಲೇಜಿನವರು ಹೇಳಿದ್ದರಂತೆ.

ಮುಂದಿನ ವಾರ ಮಡಂತ್ಯಾರಿನಲ್ಲಿ ಪಿಕಪ್ ಹತ್ತಿದಳು. ಬೆಳ್ತಂಗಡಿಯ ಹೋಟೆಲುಗಳನ್ನು ಮುಗಿಸಿ ಆಚೆಯ ಮುಂಡಾಜೆ ತಲುಪುವಾಗ ಊಟದ ಹೊತ್ತು ಮೀರಿತ್ತು. ಅಲ್ಲಿ ಒಬ್ಬ ಹೆಂಗಸು ಮನೆಯ ಹಿಂದೆ ಶೀಟು ಹಾಕಿಸಿ ಹಲಸಿನಕಾಯಿ, ಬಾಳೆಕಾಯಿ ಚಿಪ್ಸ್ ಕರಿದು ಅಂಗಡಿಗಳಿಗೆ ಕೊಡುತ್ತಿದ್ದರು. ಉಳಿದ ಎಣ್ಣೆಯನ್ನು ನಮಗೆಂದೇ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದರು.

ನಾನು ಡ್ರಮ್ಮಿನ ತಳದವರೆಗೆ ಕೊಳವೆ ಇಳಿಸಿ ಸ್ವಲ್ಪ ತೆಗೆದು, ಕಾದ ಸೌಟಿಗೆ ಹಾಕಿದೆ. ಚಟಪಟ ಸಿಡಿಯಿತು. ಮುಚ್ಚಳ ಸಡಿಲವಾಗಿ ಮಳೆನೀರು ಸೇರಿತ್ತು.

"ಇದು ಆಗುವುದಿಲ್ಲ ಅಕ್ಕ. ನೀರುಂಟು."

"ಅಯ್ಯೋ ಮಾರಾಯ್ತಿ, ಎರಡು ತಿಂಗಳಿಂದ ಜೋಪಾನ ಮಾಡಿ ಇಟ್ಟದ್ದು ನಾನು!"

ನಾನು ತಿರುಗಿ ಹೊರಟೆ. ಹುಡುಗಿ ಕದಲಲಿಲ್ಲ. "ನೀರು ಅಡಿಯಲ್ಲಿ ಉಂಟಲ್ಲ ಮೇಡಂ? ಮೇಲಿನ ಎಣ್ಣೆ ಮಾತ್ರ ತೆಗೆಯುವ."

ಆ ಉಪಾಯ ನನಗೂ ಗೊತ್ತಿತ್ತು. ಮಕ್ಕಳಿಗೆ ಎಷ್ಟೋ ವರ್ಷ ಪಾಠ ಮಾಡಿದ್ದೇ ಅದು. ಮಾಡುವ ತ್ರಾಣವಿರಲಿಲ್ಲ, ಅಷ್ಟೆ. ಅದನ್ನು ಅವಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗಿ ಸೆರಗು ಸಿಕ್ಕಿಸಿದೆ. ಮೂವರೂ ಸೇರಿ ಮಗ್ಗಿನಲ್ಲಿ ಮೆಲ್ಲಮೆಲ್ಲನೆ ಎಣ್ಣೆ ತೆಗೆದು ಕ್ಯಾನಿಗೆ ಹೊಯ್ದೆವು. ಕ್ಯಾನು ತುಂಬಿದಂತೆ ಹುಡುಗಿಯೇ ಸೌಟು ಕಾಯಿಸಿ ಪರೀಕ್ಷಿಸಿದಳು. ಒಂದು ಸಲವೂ ಸಿಡಿಯಲಿಲ್ಲ. ಆ ಹೆಂಗಸು ಬಿಸಿ ಬಿಸಿ ಚಿಪ್ಸ್ ತಂದಿಟ್ಟರು. ನನಗೆ ಎಣ್ಣೆಯ ವಾಸನೆಯೇ ಸಾಕಾಗಿತ್ತು. ಹುಡುಗಿ ನನ್ನ ಪಾಲನ್ನೂ ತಿಂದಳು.

ವಾಪಸು ಬರುವಾಗ ಹೇಳಿದಳು: "ಮೇಡಂ, ಬೇಸರ ಮಾಡ್ಬೇಡಿ. ಈ ಗಾಡಿಯ ಕೆಲಸ ನಾನು ಮಾಡ್ಲಿಕ್ಕಿಲ್ಲ. ಆದ್ರೆ ಆ ಪರೀಕ್ಷೆ ಮಾಡುವುದು ಉಂಟಲ್ಲ, ಅದನ್ನು ಕಲೀತೇನೆ."

ಬೇಸರವೇನೂ ಆಗಲಿಲ್ಲ. ಅವಳ ವಯಸ್ಸಿನಲ್ಲಿ ಏನನ್ನು ಕಲಿಯಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ ಎಂಬುದು ಮಾತ್ರ ನೆನಪಾಯಿತು.

ಕೆಲವು ತಿಂಗಳ ನಂತರ ಆಫೀಸಿನವರು ಬೆಳ್ತಂಗಡಿಯಿಂದ ಆಚೆಗೆ ಗಾಡಿ ಹೋಗುವುದು ಬೇಡವೆಂದರು. ಅಷ್ಟು ಸ್ವಲ್ಪ ಎಣ್ಣೆ ತರಲು ಅಷ್ಟು ಡೀಸೆಲ್ ಸುಟ್ಟರೆ ಗಾಳಿ ಶುದ್ಧವಾಗುವುದು ಹೇಗೆ ಎಂಬ ಅವರ ಪ್ರಶ್ನೆ ತಪ್ಪಲ್ಲ. ಮುಂಡಾಜೆಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. "ಪರ್ವಾಗಿಲ್ಲ" ಎಂದರು ಆ ಹೆಂಗಸು, ನನಗೇ ಸಮಾಧಾನ ಹೇಳುವವರ ಹಾಗೆ.

ಅಷ್ಟರಲ್ಲಿ ಹುಡುಗಿ ಆಹಾರ ಪರೀಕ್ಷೆಯ ಕೋರ್ಸಿಗೆ ಸೇರಿದ್ದಳು. ಒಂದು ದಿನ ಫೋನು ಮಾಡಿ ಮುಂಡಾಜೆಯ ಅಕ್ಕನ ಸುದ್ದಿ ವಿಚಾರಿಸಿದಳು. ಇದ್ದದ್ದನ್ನು ಹೇಳಿದೆ. "ಹಾಗಾದ್ರೆ ಆ ಎಣ್ಣೆ ಈಗ ಎಲ್ಲಿಗೆ ಹೋಗ್ತದೆ?" ಎಂದು ಕೇಳಿದಳು. ಹೋಗಿ ನೋಡಿ ಹೇಳುತ್ತೇನೆ ಎಂದೆ.

ರಜೆಯ ದಿನ ಬಸ್ಸು ಹತ್ತಿ ಮುಂಡಾಜೆಗೆ ಹೋದೆ. ಮತ್ತೆ ಮತ್ತೆ ಕರಿದು ಬಾಣಲೆಯಲ್ಲಿದ್ದ ಎಣ್ಣೆ ಕಪ್ಪಗಾಗಿತ್ತು. "ಇನ್ನೆರಡು ಸಲ ಕಾಯಿಸ್ತೇನೆ, ಬೇರೆ ಏನು ಮಾಡುವುದು?" ಎಂದರು ಆ ಹೆಂಗಸು, ನನ್ನ ಕಣ್ಣು ತಪ್ಪಿಸಿ. ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದೆವು. ಸಂತೆಯ ದಿನ ಬೆಳ್ತಂಗಡಿಗೆ ಹೋಗುವ ಜೀಪಿನಲ್ಲಿ ಅವರು ಕ್ಯಾನು ಕಳಿಸುವುದು, ನಾನು ಅಲ್ಲಿಂದ ಎತ್ತಿಕೊಳ್ಳುವುದು ಎಂದಾಯಿತು.

ಈಗ ಸಂತೆಯ ದಿನ ನನಗೆ ಒಂದು ಗಂಟೆ ಹೆಚ್ಚು ಕೆಲಸ. ಜೀಪು ಕೆಲವೊಮ್ಮೆ ಬರುವುದಿಲ್ಲ. ಬಿಸಿಲಲ್ಲಿ ಕಾದು ಬರಿಗೈಯಲ್ಲಿ ಹಿಂದಿರುಗುತ್ತೇನೆ. ಬಂದ ದಿನ ಕ್ಯಾನಿನ ಮುಚ್ಚಳ ತೆರೆದು ನೋಡುತ್ತೇನೆ. ಇದುವರೆಗೆ ನೀರು ಸೇರಿಲ್ಲ.